ಅರ್ಧ ಗೇಣಿನ ದೂರ

ಮಾರ್ಚ್ ೪

ಗುಬ್ಬೀ,

ಕೊನೆಗೂ ಸರ್ಕಾರಿ ಕಣ್ಣಾಸ್ಪತ್ರೆಗೆ ಹೋಗಿ ಬಂದೆ. ನೀನು ಮೂರು ಪತ್ರಗಳಲ್ಲಿ ಗದರಿದ್ದಕ್ಕಲ್ಲ, ಕಪ್ಪು ಬಟ್ಟೆಯ ಮೇಲೆ ಕಪ್ಪು ಎಳೆ ಕಾಣುವುದು ನಿಂತುಹೋಯಿತು, ಅದಕ್ಕೆ. ಮೊದಲು ಬಲ್ಬು ಬದಲಾಯಿಸಿದೆ, ಆಮೇಲೆ ಕಿಟಕಿಯ ಗಾಜು ಒರೆಸಿದೆ, ಆಮೇಲೆ ಸೂಜಿಯನ್ನು ಬೈದೆ. ಬೈಯಲು ಇನ್ನೇನೂ ಉಳಿಯದಿದ್ದಾಗ ಹೊರಟೆ.

ಬೆಳಗ್ಗೆ ಎಂಟಕ್ಕೆ ಹೋದವಳಿಗೆ ಹನ್ನೆರಡೂವರೆಗೆ ಕರೆ ಬಂತು. ಬೆಂಚಿನಲ್ಲಿ ಪಕ್ಕದಲ್ಲಿ ಕೂತಿದ್ದ ಬಸ್ಸಿನ ಡ್ರೈವರು, "ಇಲ್ಲಿ ಕಾಯೋದು ಕಲಿತ್ರೆ ಇನ್ನೆಲ್ಲಿ ಬೇಕಾದ್ರೂ ಕಾಯಬಹುದು ಬಿಡಿ" ಅಂದ. ಅವನದು ನಾಲ್ಕನೇ ಸಲವಂತೆ. ನನಗೆ ಕೋಪ ಬಂದಿತ್ತು, ಯಾರ ಮೇಲೆ ಅಂತ ತಿಳಿಯಲಿಲ್ಲ.

ಡಾಕ್ಟರಮ್ಮನಿಗೆ ಹೆಚ್ಚು ಕಡಿಮೆ ನನ್ನ ವಯಸ್ಸು. ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು. ಅಷ್ಟು ನನಗೂ ಗೊತ್ತಿತ್ತು. ಆಮೇಲೆ, "ಏನ್ ಕೆಲಸ ಮಾಡ್ತೀರಿ?" ಅಂದರು.

"ರಫು ಹಾಕ್ತೀನಿ."

"ಹಾಗಂದ್ರೆ?"

ಹರಿದ ಬಟ್ಟೆಯ ಒಳಮಡಿಕೆಯಿಂದ ಅದರದೇ ಎಳೆ ಬಿಡಿಸಿ, ಹರಿದ ಜಾಗದಲ್ಲಿ ಹಾಸು ಹೊಕ್ಕು ಕೂಡಿಸಿ ನೇಯುವುದು, ನೇಯ್ದದ್ದು ಯಾರಿಗೂ ಕಾಣಬಾರದು ಎಂದು ವಿವರಿಸಿದೆ. ನಾಲ್ಕು ಗಂಟೆ ಕಾಯಿಸಿದವರಿಗೆ ಪೂರ್ತಿ ವಿವರಿಸುವ ಹಕ್ಕು ನನಗಿದೆ ಅನ್ನಿಸಿತ್ತು. "ಎಲ್ಲಿ, ಮಾಡಿ ತೋರ್ಸಿ" ಅಂದುಬಿಟ್ಟರು. ಚೀಲದಲ್ಲಿ ಯಾರದೋ ಪ್ಯಾಂಟು, ಸೂಜಿ ಇದ್ದವು. ಅಭ್ಯಾಸದಂತೆ ಕನ್ನಡಕ ತೆಗೆದು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದೆ. ಅವರು ಡ್ರಾಯರಿನಿಂದ ಸ್ಕೇಲು ತೆಗೆದು ನನ್ನ ಕಣ್ಣಿಗೂ ಬಟ್ಟೆಗೂ ಇರುವ ದೂರವನ್ನು ಅಳೆದರು. ಅರ್ಧ ಗೇಣು.

"ನಿಮಗೆ ದೂರದ್ದು ಕಾಣಲ್ಲ. ಅದಕ್ಕೇ ಹತ್ತಿರದ್ದು ಇಷ್ಟು ಚೂಪು. ಪುಸ್ತಕದಲ್ಲಿ ಇದಕ್ಕೆ ದೋಷ ಅಂತಾರೆ, ನಿಮಗೆ ಇದೇ ಹತಾರ. ಪೊರೆ ತೆಗೆದ ಮೇಲೆ ಒಳಗೆ ಒಂದು ಮಸೂರ ಇಡ್ತೀವಿ. ಎಲ್ಲರಿಗೂ ಅದನ್ನ ದೂರಕ್ಕೆ ಹೊಂದಿಸ್ತೀವಿ. ನಿಮಗೆ ಬೇಡ. ಅರ್ಧ ಗೇಣು ನನ್ನ ಕೈಲಾಗಲ್ಲ, ಒಂದು ಗೇಣಿಗೆ ತರ್ತೀನಿ. ದೂರಕ್ಕೆ ಕನ್ನಡಕ ಹಾಕ್ಕೊಳಿ, ಈಗ ಹಾಕ್ಕೊಳ್ಳಲ್ವಾ?" ಅಂದರು. ಫೈಲಿನ ಎರಡನೇ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದರು.

ಶಾಲೆಯಲ್ಲಿ ಕಪ್ಪುಹಲಗೆ ಕಾಣದ ನನ್ನನ್ನು ಅಮ್ಮ ಸೂಜಿಯ ಮುಂದೆ ಕೂರಿಸಿದಾಗಿನಿಂದ ಇದುವರೆಗೆ ಯಾರೂ ಆ ದೂರವನ್ನು ಅಳೆದಿರಲಿಲ್ಲ.

ಆಪರೇಷನ್ನಿಗೆ ಹದಿನಾಲ್ಕು ತಿಂಗಳು ಕಾಯಬೇಕಂತೆ. ಅಲ್ಲಿಯವರೆಗೆ ಬಿಳಿ ಬಟ್ಟೆ ಮಾತ್ರ ತೆಗೆದುಕೊಳ್ಳುತ್ತೇನೆ.

ಅಕ್ಕ


ಮಾರ್ಚ್ ೧೯

ಅಕ್ಕ,

ಹದಿನಾಲ್ಕು ತಿಂಗಳು! ಓದಿ ಅಲ್ಲೇ ನಿಂತೆ. ಮಿಕ್ಕದ್ದನ್ನು ಆಮೇಲೆ ಓದಿದೆ.

ನನ್ನ ಕೆಲಸ ಏನು ಅಂತ ನೀನು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಸರಿಯಾಗಿ ಕೇಳಿಲ್ಲ, ಈಗ ಕೇಳು. ಎಲ್ಲ ಸರ್ಕಾರಿ ಆಸ್ಪತ್ರೆಗಳ ಸರದಿ ಪಟ್ಟಿ ನಮ್ಮ ಕಚೇರಿಗೆ ಬರುತ್ತದೆ. ಪಟ್ಟಿ ಉದ್ದವಾದಾಗ ಸರ್ಕಾರವೇ ಖರ್ಚು ಹಾಕಿ ಒಂದಷ್ಟು ಜನರನ್ನು ಖಾಸಗಿ ಕ್ಲಿನಿಕ್ಕುಗಳಿಗೆ ಕಳಿಸುತ್ತದೆ. ಆ ಒಂದಷ್ಟು ಜನರನ್ನು ಆರಿಸುವವರು ನಾವು ಆರು ಮಂದಿ. ಕ್ಲಿನಿಕ್ಕಿನವರಿಗೆ ಸುಲಭದವರೇ ಬೇಕು. ಒಂದೇ ಪುಟದ ಫಾರಂ ಇದೆ: ಸಕ್ಕರೆ ಕಾಯಿಲೆ ಇದೆಯೇ, ಅಂಗಾತ ಮಲಗಬಲ್ಲರೇ, ಉದ್ಯೋಗಕ್ಕೆ ಸೂಕ್ಷ್ಮ ದೃಷ್ಟಿ ಬೇಕೇ, ಹೀಗೆ ಒಂಬತ್ತು ಪ್ರಶ್ನೆ. ಒಂದು ಉತ್ತರ ಆಚೀಚೆ ಆದರೂ ಆ ಹೆಸರು ನಮಗೆ ವಾಪಸ್ಸು. ಸಂತೆಯಲ್ಲಿ ಹಣ್ಣು ಒತ್ತಿ ನೋಡುವವರ ಹಾಗೆ ಹೆಸರುಗಳನ್ನು ಒತ್ತಿ ನೋಡುವುದು ನಮ್ಮ ಕೆಲಸ.

ನಿನ್ನ ವಿಷಯದಲ್ಲಿ ನನ್ನ ಕೈಲಿ ಏನೂ ಇಲ್ಲ. ಸರದಿ ಎಂದರೆ ಸರದಿ. ನಮ್ಮ ಮೇಲಧಿಕಾರಿಯ ಅತ್ತೆಯೇ ಪಟ್ಟಿಯಲ್ಲಿ ಮೂರು ಸಾವಿರದ ಎಂಟನೆಯವರು. ಮೇಲಧಿಕಾರಿ ಅದಕ್ಕೆ ಖುಷಿಯಾಗಿದ್ದಾರೆ ಅನ್ನುವುದು ಬೇರೆ ಮಾತು.

ಇದರ ಜೊತೆ ಅಮ್ಮನ ಬೂದು ಕೋಟು ಕಳಿಸಿದ್ದೇನೆ. ಬಲ ಜೇಬಿನ ಕೆಳಗೆ ಹುಳು ತಿಂದಿದೆ. ಅವಸರವಿಲ್ಲ, ಚಳಿಗೆ ಮೊದಲು ಸಿಕ್ಕರೆ ಸಾಕು.

ಅರವತ್ತೆರಡು ತುಂಬಿತು ಅಕ್ಕ. ಯಾರ ಯಾರ ಪ್ಯಾಂಟನ್ನೋ ಮೂಗಿಗೆ ಹಿಡಿದು ಕೂರುವುದು ಇನ್ನೆಷ್ಟು ದಿನ? ನನ್ನ ಹಿಂದಿನ ಕೋಣೆ ಖಾಲಿ ಇದೆ. ಬೆಳಕು ಚೆನ್ನಾಗಿದೆ.

ತುರ್ತು ಇದ್ದರೆ ಎಂದಿನಂತೆ ನಿನ್ನ ಮನೆಯ ಕೆಳಗಿನ ಇಸ್ತ್ರಿ ಅಂಗಡಿಗೆ ಫೋನು ಮಾಡುತ್ತೇನೆ.

ಗುಬ್ಬಿ


ಏಪ್ರಿಲ್ ೨೨

ಗುಬ್ಬೀ,

ನಂಬುತ್ತೀಯೋ ಇಲ್ಲವೋ, ಸರದಿ ಬಂದೇ ಬಿಟ್ಟಿತು. ಇಸ್ತ್ರಿಯವನು ಮೆಟ್ಟಿಲ ಕೆಳಗಿನಿಂದಲೇ ಕೂಗಿದ: "ಅಮ್ಮಾ, ಯಾವುದೋ ಕ್ಲಿನಿಕ್ ಅಂತೆ! ಬೇಗ ಬನ್ನಿ, ನನ್ನ ಇಸ್ತ್ರಿಪೆಟ್ಟಿಗೆ ಕಾದು ಕೂತಿದೆ!" ಒಬ್ಬ ಹುಡುಗಿ ಹಾಡು ಹೇಳಿದ ಹಾಗೆ ಮಾತಾಡಿದಳು. ಸರ್ಕಾರದ ಕಡೆಯಿಂದ ನನ್ನ ಹೆಸರು ಬಂದಿದೆಯಂತೆ, ಖರ್ಚೆಲ್ಲ ಸರ್ಕಾರದ್ದೇ ಅಂತೆ, ಮೇ ಹದಿಮೂರಕ್ಕೆ ಬಲಗಣ್ಣು.

"ಇನ್ನೂ ಹದಿನಾಲ್ಕು ತಿಂಗಳು ಅಂದಿದ್ರಲ್ಲಮ್ಮ" ಅಂದೆ.

"ಅದು ಅಲ್ಲಿ, ಇದು ಇಲ್ಲಿ ಆಂಟಿ" ಅಂದಳು.

ಆರಿಸಿದವರು ನಿಮ್ಮ ಆರು ಜನರಲ್ಲೇ ಒಬ್ಬರು ತಾನೇ? ಯಾರೇ ಇರಲಿ, ನನ್ನ ಹೆಸರನ್ನು ಒತ್ತಿ ನೋಡಿ ಗಟ್ಟಿಯಾಗಿದೆ ಅಂದಿದ್ದಾರೆ. ಅವರಿಗೆ ಒಂದು ನಮಸ್ಕಾರ ಹೇಳು.

ಡಾಕ್ಟರಮ್ಮನಿಗೆ ತಿಳಿಸಬೇಕೇ ಅಂತ ಯೋಚಿಸಿದೆ. ಕ್ಲಿನಿಕ್ಕಿನ ಹುಡುಗಿಯನ್ನು ಕೇಳಿದರೆ, "ಎಲ್ಲಾ ಫೈಲಲ್ಲಿ ಬಂದಿರತ್ತೆ ಆಂಟಿ, ನೀವು ತಲೆ ಕೆಡಿಸ್ಕೋಬೇಡಿ" ಅಂದಳು. ಹಾಗಾದರೆ ಸರಿ. ಕೆಂಪು ಶಾಯಿ ಯಾರ ಕಣ್ಣಿಗಾದರೂ ಬೀಳಲೇಬೇಕು.

ಕೋಟು ಬಂದು ತಲುಪಿತು. ಹುಳುವಿಗೆ ಒಳ್ಳೆಯ ಅಭಿರುಚಿ, ನೇಯ್ಗೆ ಅತಿ ಸಣ್ಣ ಇರುವ ಕಡೆಯೇ ತಿಂದಿದೆ. ಕಣ್ಣು ಬರಲಿ, ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತೇನೆ.

ಅಕ್ಕ


ಏಪ್ರಿಲ್ ೩೦

ಅಕ್ಕ,

ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ. ಎರಡನೇ ಯೋಚನೆ ಬೇಡ, ಹೋಗಿ ಮಾಡಿಸಿಕೋ. ಅವರು ದಿನಕ್ಕೆ ಮೂವತ್ತು ಕಣ್ಣು ಮಾಡುವವರು, ಪಳಗಿದ ಕೈ. ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಜಾಸ್ತಿ ವಿವರಿಸಲು ಹೋಗಬೇಡ. ವಿವರಿಸಿದರೆ ಅವರಿಗೆ ಅನುಮಾನ ಬರುತ್ತದೆ.

ಗುಬ್ಬಿ


ಮೇ ೧೭

ಗುಬ್ಬೀ,

ಅಕ್ಷರ ಇಷ್ಟು ದಪ್ಪಗಿರುವುದನ್ನು ನೋಡಿ ಗಾಬರಿಯಾಗಬೇಡ. ಬರೆಯುತ್ತಿರುವುದು ನಾನೇ.

ಆಪರೇಷನ್ ಆಯಿತು. ಒಳ್ಳೆಯ ಜಾಗ. ಹೋದ ಕೂಡಲೇ ಮೆತ್ತನೆಯ ಚಪ್ಪಲಿ ಕೊಟ್ಟರು. ಗೋಡೆಗೆ ಹೂವಿನ ಚಿತ್ರ, ಮೂಲೆಯಲ್ಲಿ ಮೀನಿನ ತೊಟ್ಟಿ. ಒಂಬತ್ತಕ್ಕೆ ಬನ್ನಿ ಅಂದರು, ಒಂಬತ್ತಕ್ಕೇ ಕರೆದರು. ಹನ್ನೆರಡು ಜನ ಒಂದೇ ಬಣ್ಣದ ಟೋಪಿ ಹಾಕಿಕೊಂಡು ಸಾಲಾಗಿ ಕೂತಿದ್ದೆವು. ಯಾರೂ ಯಾರೊಂದಿಗೂ ಮಾತಾಡಲಿಲ್ಲ, ಮಾತಾಡುವಷ್ಟು ಹೊತ್ತು ಅಲ್ಲಿ ಯಾರೂ ಕಾಯುವುದೇ ಇಲ್ಲ. ಹುಡುಗಿ ಬಂದು ಎಲ್ಲರನ್ನೂ ಒಂದೇ ಮಾತು ಕೇಳಿಕೊಂಡು ಹೋದಳು: "ದೂರದ್ದು ಚೆನ್ನಾಗಿ ಕಾಣ್ಬೇಕು ಅಲ್ವಾ?" ಎಲ್ಲರೂ ಹೌದು ಅಂದರು. ನಾನೂ ಅಂದೆ. ಬೇಡ ಅನ್ನುವವರು ಯಾರಿದ್ದಾರೆ?

ಡಾಕ್ಟರರ ಮುಖ ನಾನು ನೋಡಲಿಲ್ಲ. ಮುಖವಾಡದ ಮೇಲಿನ ಎರಡು ಕಣ್ಣು ಮಾತ್ರ ನೋಡಿದೆ. ಎಂಟು ನಿಮಿಷ. ನೋವಿಲ್ಲ.

ಹಳೆಯ ಕನ್ನಡಕದಲ್ಲೂ ಕಾಣದಿದ್ದ ಬೀದಿಯ ಕೊನೆಯ ಗಡಿಯಾರದ ಮುಳ್ಳು ಈಗ ಬರಿಗಣ್ಣಿಗೆ ಕಾಣುತ್ತದೆ. ಎದುರು ಕಟ್ಟಡದ ಮೂರನೇ ಮಹಡಿಯ ಮುದುಕ ನನ್ನನ್ನು ನೋಡಿ ನಗುತ್ತಾನೆ ಅಂತ ಗೊತ್ತಾಯಿತು. ಇಪ್ಪತ್ತು ವರ್ಷ ಅವನು ಗುರಾಯಿಸುತ್ತಿದ್ದಾನೆ ಅಂದುಕೊಂಡಿದ್ದೆ. ಪಾಪ, ಹಲ್ಲಿಲ್ಲ, ಅಷ್ಟೇ. ಮರಗಳಿಗೆ ಇಷ್ಟೊಂದು ಎಲೆಗಳಿವೆ ಅನ್ನುವುದನ್ನು ಪದ್ಯಗಳಲ್ಲಿ ಓದಿದ್ದೆ, ಕವಿಗಳು ಉತ್ಪ್ರೇಕ್ಷೆ ಮಾಡುತ್ತಾರೆ ಅಂದುಕೊಂಡಿದ್ದೆ.

ಪೇಪರು ಓದಲು ಒಂದು ಕನ್ನಡಕ ಕೊಟ್ಟಿದ್ದಾರೆ. ಕಣ್ಣು ಹೊಂದಿಕೊಳ್ಳಲು ಆರು ವಾರ ಬೇಕಂತೆ. ಎಡಗಣ್ಣಿಗೆ ಆಗಸ್ಟ್ ಇಪ್ಪತ್ತೆಂಟು ಅಂತ ಅವರೇ ಚೀಟಿ ಕೊಟ್ಟರು, ನಾನು ಕೇಳಿರಲಿಲ್ಲ.

ಅಕ್ಕ


ಜೂನ್ ೨

ಅಕ್ಕ,

ಎಲೆಗಳ ವಿಷಯ ಓದಿ ಕಚೇರಿಯಲ್ಲೇ ಅತ್ತುಬಿಟ್ಟೆ. ಪಕ್ಕದ ಮೇಜಿನವಳು, "ಯಾರು ಹೋದ್ರು?" ಅಂದಳು. "ಯಾರೂ ಹೋಗ್ಲಿಲ್ಲ ಕಣೇ, ನಮ್ಮಕ್ಕನಿಗೆ ಮರ ಕಾಣಿಸ್ತು" ಅಂದೆ. ಹುಚ್ಚಿ ಅಂದುಕೊಂಡಿರಬೇಕು.

ನಿನ್ನ ಕ್ಲಿನಿಕ್ಕಿನವರು ಕಳಿಸುವ ಅಭಿಪ್ರಾಯದ ಹಾಳೆಗಳು ನಮಗೆ ಬರುತ್ತವೆ. ನೂರಕ್ಕೆ ತೊಂಬತ್ತಾರು ಜನ 'ಬಹಳ ತೃಪ್ತಿ' ಅಂತ ಗುರುತು ಹಾಕಿದ್ದಾರೆ. ನೀನೂ ಹಾಕಿದ್ದೀಯ, ನೋಡಿದೆ. ಹೆಸರಿರುವುದಿಲ್ಲ, ಆದರೆ ಪಕ್ಕದಲ್ಲಿ 'ಚಪ್ಪಲಿ ಚೆನ್ನಾಗಿತ್ತು' ಅಂತ ಬರೆಯುವವರು ಇನ್ಯಾರು!

ಹದಿನಾಲ್ಕು ತಿಂಗಳ ಜಾಗದಲ್ಲಿ ಹತ್ತು ವಾರ. ಎಡಗಣ್ಣೂ ಆಗಿಬಿಡಲಿ, ಆಮೇಲೆ ಇಲ್ಲಿಗೆ ಬಾ. ಹಿಂದಿನ ಕೋಣೆಯ ಕಿಟಕಿಯಿಂದ ನದಿಯ ಆಚೆ ದಡದವರೆಗೆ ಕಾಣುತ್ತದೆ. ಮೊದಲು ಹೇಳಿ ಪ್ರಯೋಜನವಿರಲಿಲ್ಲ, ನಿನಗೆ ಬರೀ ಮಂಜು ಕಾಣುತ್ತಿತ್ತು, ಈಗ ಹೇಳಬಹುದು.

ಗುಬ್ಬಿ


ಜುಲೈ ೯

ಗುಬ್ಬೀ,

ಕೋಟು ಕಳಿಸಿದ್ದೇನೆ. ತಡವಾಯಿತು. ಸೆಕೆ ಜಾಸ್ತಿ, ಕೈ ಬೆವರುತ್ತದೆ. ಸದ್ಯ ಕೆಲಸ ಕಡಿಮೆ ಮಾಡಿದ್ದೇನೆ, ಗುಂಡಿ ಹೊಲಿಯುವುದು, ಅಂಚು ಮಡಿಸುವುದು, ಇಂಥದ್ದು. ಹಾಕಿಕೊಂಡು ನೋಡಿ ಹೇಗಿದೆ ಅಂತ ಬರೆ.

ಅಕ್ಕ


ಜುಲೈ ೨೦

ಅಕ್ಕ,

ಕೋಟು ಬಂತು. ಎಲ್ಲಿ ಹರಿದಿತ್ತು ಅನ್ನುವುದೇ ಗೊತ್ತಾಗುವುದಿಲ್ಲ! ಬಲ ಜೇಬೋ ಎಡ ಜೇಬೋ ಅಂತ ನಾನೇ ಹುಡುಕಬೇಕಾಯಿತು. ನಿನ್ನ ಕೈ ನಿನ್ನ ಕೈಯೇ. ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದೆ.

ನೀನು ಕೆಲಸ ಕಡಿಮೆ ಮಾಡಿದ್ದು ಒಳ್ಳೆಯದಾಯಿತು.

ಗುಬ್ಬಿ


ಆಗಸ್ಟ್ ೧೧

ಗುಬ್ಬೀ,

ಇದುವರೆಗೆ ಬರೆಯದೇ ಇದ್ದದ್ದನ್ನು ಬರೆಯುತ್ತೇನೆ.

ಬಲಗಣ್ಣಿಗೆ ಎಳೆ ಕಾಣುವುದಿಲ್ಲ. ಆರು ವಾರ ಕಾದೆ, ಎಂಟು ವಾರ ಕಾದೆ. ಕನ್ನಡಕ ತೆಗೆದು ಬಟ್ಟೆಯನ್ನು ಮೂಗಿಗೆ ಹಿಡಿದರೆ ಬೂದಿ ಬಳಿದ ಹಾಗೆ. ದೂರ ಸರಿಸುತ್ತ ಹೋದರೆ ತೋಳು ಮುಗಿಯುತ್ತದೆ, ಬಟ್ಟೆ ಸ್ಪಷ್ಟವಾಗುವುದಿಲ್ಲ. ಅವರು ಕೊಟ್ಟ ಕನ್ನಡಕ ಪೇಪರಿಗೆ ಸರಿ. ಭೂತಗನ್ನಡಿಯನ್ನು ಕೊರಳಿಗೆ ಕಟ್ಟಿಕೊಂಡೆ, ಎರಡು ಎಳೆ ಕಾಣುತ್ತದೆ, ಮೂರನೆಯದು ಬಾಗುತ್ತದೆ. ಎಡಗಣ್ಣಿನಲ್ಲಿ ಹಳೆಯ ಪೊರೆ. ನಿನ್ನ ಕೋಟನ್ನು ಬೆರಳಿನಿಂದ ಎಣಿಸಿ ನೇಯ್ದೆ. ಮುಗಿಸಿ ಗೂಟಕ್ಕೆ ನೇತು ಹಾಕಿ ಬಾಗಿಲವರೆಗೆ ನಡೆದು ತಿರುಗಿ ನೋಡಿದರೆ, ರಫು ಕಣ್ಣಿಗೆ ರಾಚುತ್ತಿತ್ತು. ನನ್ನ ಹೊಸ ಕಣ್ಣು ದೂರದ್ದಲ್ಲವೇ, ಬಾಗಿಲಿನಿಂದ ಚೆನ್ನಾಗಿ ಕಾಣುತ್ತದೆ.

ಹೋದ ವಾರ ಕ್ಲಿನಿಕ್ಕಿಗೆ ಹೋದೆ. ಹುಡುಗಿ ಕಾಯಿಸಲಿಲ್ಲ.

"ದೂರದ್ದು ಹೇಗಿದೆ ಆಂಟಿ?"

"ಚೆನ್ನಾಗಿದೆ."

"ಮತ್ತೇನು ತೊಂದ್ರೆ?"

"ನನಗೆ ಹತ್ತಿರದ್ದು ಬೇಕಿತ್ತು. ಡಾಕ್ಟರಮ್ಮ ಫೈಲಲ್ಲಿ ಬರೆದಿದ್ರು, ಒಂದು ಗೇಣು ಅಂತ."

ಅವಳು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. "ನಮಗೆ ಫೈಲು ಬರಲ್ಲ ಆಂಟಿ. ಒಂದು ಪುಟ ಬರತ್ತೆ. ನೋಡಿ, ಉದ್ಯೋಗ ನಿವೃತ್ತ ಅಂತಿದೆ. ಸೂಕ್ಷ್ಮ ದೃಷ್ಟಿ ಬೇಡ ಅಂತಿದೆ. ನಾವೇನ್ಮಾಡೋಣ ಹೇಳಿ?" ಅವಳ ತಪ್ಪೇನೂ ಇಲ್ಲ. ಒಳಗಿಟ್ಟ ಮಸೂರ ಬದಲಾಯಿಸುವುದು ಸುಲಭದ ಮಾತಲ್ಲವಂತೆ, ಅಂಥದ್ದನ್ನು ಅವರು ಮಾಡುವುದೂ ಇಲ್ಲವಂತೆ. ಎಡಗಣ್ಣನ್ನೂ ದೂರಕ್ಕೇ ಮಾಡಿಸಿಕೊಂಡರೆ ಎರಡೂ ಹೊಂದುತ್ತವೆ, ತಲೆ ಸುತ್ತುವುದಿಲ್ಲ ಅಂದಳು. ಇಪ್ಪತ್ತೆಂಟಕ್ಕೆ ಬರದಿದ್ದರೆ ನನ್ನ ಹೆಸರು ಹೋಗುತ್ತದೆ. ಸರ್ಕಾರಿ ಪಟ್ಟಿಯಿಂದ ಆಗಲೇ ಹೋಗಿದೆಯಂತೆ, ಇಲ್ಲಿಗೆ ಬಂದ ದಿನವೇ.

ಆ ಪುಟದ ಪ್ರತಿ ತೆಗೆದುಕೊಂಡು ಬಂದಿದ್ದೇನೆ. ಫೋನ್ ನಂಬರು ಅಂತ ಇಸ್ತ್ರಿ ಅಂಗಡಿಯದು ಇದೆ. ಆಸ್ಪತ್ರೆಯಲ್ಲಿ ನಾನು ಫೋನಿಲ್ಲ ಅಂತ ಬರೆಸಿದ ನೆನಪು.

ಎಡಗಣ್ಣೂ ದೂರಕ್ಕೆ ಹೋದರೆ ರಫು ಹೋಯಿತು. ಇಪ್ಪತ್ತೆಂಟರೊಳಗೆ ತೀರ್ಮಾನಿಸಬೇಕು. ನಿಮ್ಮ ಕಚೇರಿಯಲ್ಲಿ ಆ ಪುಟ ತುಂಬುವವರು ಯಾರು?

ಅಕ್ಕ


ಆಗಸ್ಟ್ ೧೫

ಅಕ್ಕ,

ಓದಿ ಬೇಸರವಾಯಿತು. ಫಾರಂಗಳನ್ನು ಆರು ಜನರಲ್ಲಿ ಯಾರು ಬೇಕಾದರೂ ತುಂಬುತ್ತಾರೆ, ಇಂಥವರು ಅಂತ ಹೇಳುವುದು ಕಷ್ಟ. ದಿನಕ್ಕೆ ಇನ್ನೂರು ಇರುತ್ತವೆ. ಆಸ್ಪತ್ರೆಯ ಫೈಲಿನ ಮೊದಲ ಪುಟ ಮಾತ್ರ ನಮಗೆ ತೆರೆಯುತ್ತದೆ, ಎರಡನೇ ಪುಟ ನಮ್ಮ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಅರವತ್ತು ದಾಟಿದವರನ್ನು ಕೆಲವೊಮ್ಮೆ ನಿವೃತ್ತ ಅಂತ ಹಾಕುವುದುಂಟು.

ಹುಡುಗಿ ಹೇಳಿದ್ದರಲ್ಲೂ ಅರ್ಥವಿದೆ. ಎರಡು ಕಣ್ಣು ಹೊಂದಬೇಕಲ್ಲ. ಇಪ್ಪತ್ತೆಂಟಕ್ಕೆ ಹೋಗುವುದೇ ಒಳ್ಳೆಯದೇನೋ. ನಿಧಾನವಾಗಿ ಯೋಚಿಸು.

ಗುಬ್ಬಿ


ಆಗಸ್ಟ್ ೨೪

ಅಕ್ಕ,

ಹದಿನೈದರ ಪತ್ರವನ್ನು ಹರಿದು ಹಾಕು.

ಆ ಪುಟ ತುಂಬಿದ್ದು ನಾನು. ನಿನ್ನ ಮೊದಲ ಪತ್ರ ಬಂದ ಮರುದಿನ. ಸರದಿ ಎಂದರೆ ಸರದಿ ಅಂತ ನಿನಗೆ ಬರೆಯುವಾಗ ಆಗಲೇ ತುಂಬಿ ಮುಗಿದಿತ್ತು. ನಿನ್ನ ಹೆಸರು ಒಂಬತ್ತು ಸಾವಿರ ಚಿಲ್ಲರೆಯಲ್ಲಿತ್ತು. ಎಂಟು ಪ್ರಶ್ನೆಗಳಿಗೆ ನೀನು ಸುಲಭದವಳು. ಒಂಬತ್ತನೆಯದಕ್ಕೆ ರಫು ಅಂತ ಬರೆದರೆ ಕ್ಲಿನಿಕ್ಕಿನವರು ವಾಪಸ್ಸು ಕಳಿಸುತ್ತಾರೆ ಅಂತ ಗೊತ್ತಿತ್ತು.

ಎರಡನೇ ಪುಟ ನಮಗೆ ಕಾಣುವುದಿಲ್ಲ ಅನ್ನುವುದು ನಿಜ. ಆದರೆ ಅದರಲ್ಲಿ ಏನಿದೆ ಅಂತ ನೀನು ನನಗೆ ಬರೆದು ಕಳಿಸಿದ್ದೆ. ಸ್ಕೇಲು ಹಿಡಿದು ಅಳೆದ ಡಾಕ್ಟರಮ್ಮನ ಸಂಗತಿ ಓದಿ ನಕ್ಕಿದ್ದೆ, ಒಳ್ಳೆಯ ಕಥೆ ಅಂದುಕೊಂಡಿದ್ದೆ. ಕಣ್ಣು ಅಂದರೆ ದೂರ ಕಾಣುವುದು, ನಿನಗೆ ಅದು ಯಾವತ್ತೂ ಇರಲಿಲ್ಲ, ಅದನ್ನು ಕೊಡಿಸುತ್ತಿದ್ದೇನೆ ಅಂತಲೇ ತಿಳಿದಿದ್ದೆ. ಸಣ್ಣವಳಿದ್ದಾಗ ನಿನ್ನ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದದ್ದು ನಾನಲ್ಲವೇ, ನಿನಗಿಂತ ಒಂಬತ್ತು ವರ್ಷ ಚಿಕ್ಕವಳು. ಬಸ್ಸಿನ ಬೋರ್ಡು ಓದಿ ಹೇಳುತ್ತಿದ್ದವಳೂ ನಾನೇ. ನನಗೆ ಗೊತ್ತಿದ್ದ ನಿನ್ನ ಕಣ್ಣು ಅದೊಂದೇ.

ಕೋಟಿನ ಬಗ್ಗೆಯೂ ಸುಳ್ಳು ಬರೆದೆ. ಪೊಟ್ಟಣ ಬಿಚ್ಚಿದಾಗಲೇ ಕಂಡಿತು. ಅದನ್ನು ಯಾರಿಗೂ ತೋರಿಸಿಲ್ಲ.

ಇಪ್ಪತ್ತೆಂಟಕ್ಕೆ ಹೋಗಬೇಡ. ಈ ಪತ್ರ ಅಷ್ಟರೊಳಗೆ ತಲುಪಲಿ. ಇಸ್ತ್ರಿ ಅಂಗಡಿಗೆ ಎರಡು ಸಲ ಫೋನು ಮಾಡಿದೆ, "ಅಮ್ಮನ್ನ ಕರೀಲಾ?" ಅಂದಾಗ ಇಟ್ಟುಬಿಟ್ಟೆ.

ಗುಬ್ಬಿ


ಸೆಪ್ಟೆಂಬರ್ ೩

ಗುಬ್ಬೀ,

ನಿನ್ನ ಪತ್ರ ಇಪ್ಪತ್ತೊಂಬತ್ತಕ್ಕೆ ತಲುಪಿತು. ಇಪ್ಪತ್ತೆಂಟಕ್ಕೆ ನಾನು ಹೋಗಿರಲಿಲ್ಲ. ಫೋನು ಇಟ್ಟವಳು ನೀನೇ ಅಂತ ಇಸ್ತ್ರಿಯವನಿಗೂ ತಿಳಿದಿದೆ. "ನಿಮ್ಮ ತಂಗಿ ಉಸಿರಾಡಿ ಇಟ್ಬಿಟ್ರು" ಅಂದ.

ನನಗೆ ಜುಲೈನಲ್ಲೇ ಅನುಮಾನ ಬಂದಿತ್ತು. ಬಾಗಿಲಿನಿಂದ ನನಗೇ ಕಾಣುವ ರಫು ನಿನಗೆ ಕಾಣಲಿಲ್ಲ ಅಂದೆಯಲ್ಲ. ಚಿಕ್ಕಂದಿನಿಂದಲೂ ನೀನು ಇಷ್ಟು ಹೊಗಳುವುದು ಏನಾದರೂ ಒಡೆದು ಹಾಕಿದಾಗ ಮಾತ್ರ. ಆಮೇಲೆ ಆ ಪುಟದಲ್ಲಿ ಫೋನ್ ನಂಬರು ನೋಡಿದೆ. ಅದನ್ನು ನಾನು ಕೊಟ್ಟಿರುವುದು ನಿನಗೊಬ್ಬಳಿಗೆ, ಇಸ್ತ್ರಿಯವನಿಗೇ ಅದು ಬಾಯಿಗೆ ಬರುವುದಿಲ್ಲ. ಯಾರು ತುಂಬಿದರು ಅಂತ ಕೇಳಿದ್ದು ತಿಳಿದುಕೊಳ್ಳಲು ಅಲ್ಲ.

ನೀನು ಬರೆದ 'ನಿವೃತ್ತ' ಎಂಬ ಪದವನ್ನು ಬಹಳ ದಿನ ನೋಡಿದೆ. ಅದು ಸುಳ್ಳು ಅನ್ನಿಸಲಿಲ್ಲ, ಆಸೆ ಅನ್ನಿಸಿತು. ಹಿಂದಿನ ಕೋಣೆಯ ಬಗ್ಗೆ ನೀನು ಬರೆಯುತ್ತಲೇ ಬಂದಿದ್ದೀಯ. ಅದಕ್ಕೆ ಬರುವುದಿಲ್ಲ ಅಂತ ನಾನೂ ಒಮ್ಮೆಯೂ ನೇರವಾಗಿ ಬರೆದಿಲ್ಲ. ಬರುವುದಿಲ್ಲ ಗುಬ್ಬೀ.

ನನ್ನ ಪಾಲೂ ಇದೆ. ದೂರ ಕಾಣಬೇಕಲ್ಲವೇ ಅಂದಾಗ ಹೌದು ಅಂದವಳು ನಾನು. ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಕಾದ ಕೋಪವಿತ್ತು, ಆ ಕೋಪದಿಂದ ಮಾತು ಬಂತು. ಇಲ್ಲಿ ಯಾರೂ ಕಾಯಿಸಲಿಲ್ಲ. ಮೆತ್ತನೆಯ ಚಪ್ಪಲಿ ಕೊಟ್ಟವರ ಮುಂದೆ ಎದುರು ಮಾತಾಡಲು ನಾಲಗೆ ಏಳಲಿಲ್ಲ.

ಕೋಪ ಇಲ್ಲ ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ಸ್ವಲ್ಪ ದಿನ ಬರೆಯುವುದಿಲ್ಲ.

ಅಕ್ಕ


ಅಕ್ಟೋಬರ್ ೧೨

ಅಕ್ಕ,

ನೀನು ಉತ್ತರ ಬರೆಯಬೇಕಾಗಿಲ್ಲ. ಸರ್ಕಾರಿ ಪಟ್ಟಿಯಲ್ಲಿ ನಿನ್ನ ಹೆಸರನ್ನು ಹಳೆಯ ತಾರೀಖಿಗೇ ಮತ್ತೆ ಸೇರಿಸಿದ್ದಾರೆ, ಮಾರ್ಚ್ ನಾಲ್ಕು. ಬರುವ ಮೇ ತಿಂಗಳಲ್ಲಿ ಎಡಗಣ್ಣು, ಅದೇ ಡಾಕ್ಟರಮ್ಮ. ಯಾರನ್ನೂ ಹಿಂದೆ ತಳ್ಳಿಲ್ಲ, ಅದು ನಿನ್ನದೇ ಜಾಗ. ಅದಕ್ಕೆ ಒಂದು ಕಾಗದ ಬೇಕಿತ್ತು, ಬರೆದುಕೊಟ್ಟೆ. ಬೇರೇನೂ ವಿಶೇಷವಿಲ್ಲ.

ಗುಬ್ಬಿ


ನವೆಂಬರ್ ೬

ಗುಬ್ಬೀ,

ಆಸ್ಪತ್ರೆಗೆ ಹೋಗಿದ್ದೆ. ನೀನು ಬರೆದುಕೊಟ್ಟ ಕಾಗದದ ಪ್ರತಿ ನನ್ನ ಫೈಲಿಗೂ ಬಂದಿದೆ. 'ಈ ತಪ್ಪು ನಮೂದು ನನ್ನದು, ತಿಳಿದೇ ಮಾಡಿದ್ದು, ರೋಗಿ ನನ್ನ ಅಕ್ಕ' ಅಂತಿದೆ. ಕೆಳಗೆ ಯಾರೋ ಟೈಪು ಮಾಡಿದ್ದಾರೆ: 'ನೌಕರರಿಗೆ ಎಚ್ಚರಿಕೆ ನೀಡಿ ದೂರುಗಳ ಫೋನ್ ವಿಭಾಗಕ್ಕೆ ವರ್ಗಾಯಿಸಲಾಗಿದೆ.' ವಿಶೇಷವಿಲ್ಲ ಅಂದರೆ ಇದೇ ಏನು?

ಚಳಿ ಶುರುವಾಗಿದೆ. ಕೋಟು ಹಾಕಿಕೋ, ರಫು ಕಂಡರೆ ಕಾಣಲಿ.

ಅಕ್ಕ


ಡಿಸೆಂಬರ್ ೧

ಅಕ್ಕ,

ಹಾಕಿಕೊಳ್ಳುತ್ತಿದ್ದೇನೆ.

ದಿನವೆಲ್ಲ ಕಿವಿಗೆ ಫೋನು. ನಿನ್ನೆ ಒಬ್ಬರು ಪಿಟೀಲು ರಿಪೇರಿಯವರು ಮಾತಾಡಿದರು. ಅವರಿಗೆ ಕಣ್ಣಿನ ಆಪರೇಷನ್ನಿನ ಚೀಟಿ ಬಂದಿದೆಯಂತೆ. "ನಿಮ್ಮ ಕೆಲಸದಲ್ಲಿ ಎಷ್ಟು ಹತ್ತಿರದಿಂದ ನೋಡ್ಬೇಕಾಗತ್ತೆ?" ಅಂತ ಕೇಳಿದೆ. "ಇದನ್ನ ಯಾರೂ ಕೇಳಿರ್ಲಿಲ್ಲ ಮೇಡಂ, ಇರಿ, ಸ್ಕೇಲ್ ತರ್ತೀನಿ" ಅಂದರು. ಆ ಪ್ರಶ್ನೆ ನಮ್ಮ ಹಾಳೆಯಲ್ಲಿಲ್ಲ.

ಗುಬ್ಬಿ


ಮೇ ೨೬

ಗುಬ್ಬೀ,

ಆಯಿತು. ಡಾಕ್ಟರಮ್ಮ ಈ ತಿಂಗಳ ಕೊನೆಗೆ ನಿಜವಾಗಿಯೂ ನಿವೃತ್ತರಾಗುತ್ತಿದ್ದಾರೆ, ನಾನು ಅವರ ಕೊನೆಯ ವಾರದವಳು. ಮೂರು ಗಂಟೆ ಕಾಯಿಸಿದರು, ಚಪ್ಪಲಿ ಕೊಡಲಿಲ್ಲ. ಆಪರೇಷನ್ನಿಗೆ ಮುಂಚೆ ಮತ್ತೆ ಸೂಜಿ ಹಿಡಿಸಿ ಅಳೆದರು. "ಎರಡು ಕಣ್ಣು ಎರಡು ಊರಲ್ಲಿ ಇರ್ತವೆ. ತಲೆ ಒಪ್ಪಬಹುದು, ಒಪ್ಪದೇ ಇರಬಹುದು. ನಾನು ಆಣೆ ಹಾಕಲ್ಲ" ಅಂದರು. ಸರಿ ಅಂದೆ. ಈ ಸಲ ಪ್ರಶ್ನೆ ಅರ್ಥವಾಗಿತ್ತು.

ತಲೆ ಇನ್ನೂ ಒಪ್ಪಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ. ಕೆಲಸಕ್ಕೆ ಕೂತಾಗ ಬಲಗಣ್ಣಿಗೆ ಒಂದು ಬಟ್ಟೆ ಚೂರು ಕಟ್ಟಿಕೊಳ್ಳುತ್ತೇನೆ. ಇಸ್ತ್ರಿಯವನು, "ಹಡಗು ಯಾವಾಗ ಹೊರಡತ್ತೆ ಕಡಲ್ಗಳ್ಳಮ್ಮಾ?" ಅನ್ನುತ್ತಾನೆ. ಒಂದು ಗೇಣಿಗೆ ಎರಡು ಬೆರಳು ಕಡಿಮೆ ದೂರದಲ್ಲಿ ಎಳೆ ಕಾಣುತ್ತದೆ. ಬಿಳಿಯದು ಪೂರ್ತಿ, ಬೂದು ಮುಕ್ಕಾಲು, ಕಪ್ಪು ಇನ್ನೂ ಇಲ್ಲ. ಕಣ್ಣು ಹೊಂದಿಕೊಳ್ಳಲು ಆರು ವಾರ ಅಂತ ಇವರೂ ಹೇಳಿದರು.

ಕೋಟು ಕಳಿಸು. ಬಿಚ್ಚಿ ಹೊಸದಾಗಿ ಹಾಕುತ್ತೇನೆ.

ಅಕ್ಕ


ಜುಲೈ ೧೬

ಗುಬ್ಬೀ,

ಕೋಟು ಇದರೊಂದಿಗಿದೆ. ಹಳೆಯದನ್ನು ಬಿಚ್ಚಲು ಎರಡು ದಿನ, ಹಾಕಲು ಹನ್ನೊಂದು ದಿನ. ಮೊದಲಾದರೆ ಒಂದು ಮಧ್ಯಾಹ್ನದ ಕೆಲಸ.

ಕಿಟಕಿಯ ಹತ್ತಿರ ನಿಂತು ನೋಡು. ಹೊಗಳಬೇಡ. ಏನು ಕಂಡಿತು ಅಂತ ಬರೆ.

ಅಕ್ಕ


ಜುಲೈ ೨೭

ಅಕ್ಕ,

ಹಿಂದಿನ ಕೋಣೆಯ ಕಿಟಕಿಯಲ್ಲಿ ನಿಂತು ನೋಡಿದೆ, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ.

ತೋಳಿನಷ್ಟು ದೂರಕ್ಕೆ ಕಾಣುವುದಿಲ್ಲ. ಹತ್ತಿರ ಹಿಡಿದರೆ, ಜೇಬಿನಿಂದ ಎರಡು ಬೆರಳು ಕೆಳಗೆ, ಎಡ ಅಂಚಿನಲ್ಲಿ ನಾಲ್ಕು ಎಳೆ ಸ್ವಲ್ಪ ಬಿಗಿ ಬಿದ್ದಿವೆ. ಬೆಳಕು ಓರೆಯಾಗಿ ಬಿದ್ದಾಗ ಅಲ್ಲಿ ಒಂದು ಗೆರೆ ಕಾಣುತ್ತದೆ. ಮಿಕ್ಕದ್ದು ಸಿಗಲಿಲ್ಲ, ಹುಡುಕಿದೆ.

ಕಾಣುತ್ತದೆ ಅಕ್ಕ.

ಗುಬ್ಬಿ


ಆಗಸ್ಟ್ ೪

ಗುಬ್ಬೀ,

ನಾಲ್ಕಲ್ಲ, ಐದು ಎಳೆ.

ಚಳಿಗೆ ಇನ್ನೂ ಮೂರು ತಿಂಗಳಿದೆ. ವಾಪಸ್ಸು ಕಳಿಸು.

ಅಕ್ಕ